ಬಸ್ಸಿನ ಮಾಳಿಗೆ ಹತ್ತದ ಹೆಂಗಸರು

೧೯೭೭ರ ಚಳಿಗಾಲದಲ್ಲಿ ನಾನು ಸೊಲ್ಲಾಪುರದ ಒಂದು ಧರ್ಮಾರ್ಥ ಕಣ್ಣಾಸ್ಪತ್ರೆಯ ಸಂಚಾರಿ ಘಟಕದಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ತರಬೇತಿ ಮುಗಿಸಿ ಮೂರು ವರ್ಷವಾಗಿತ್ತು. ಸಂಚಾರಿ ಘಟಕವೆಂದರೆ ಊರೂರಿಗೆ ಹೋಗಿ ಕಣ್ಣು ಪರೀಕ್ಷಿಸಿ, ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ಬಲಿತವರಿಗೆ ಅಲ್ಲಿಯದೇ ಶಾಲೆಯಲ್ಲೋ ಧರ್ಮಶಾಲೆಯಲ್ಲೋ ಆಪರೇಶನ್ ಮಾಡಿ ಬರುವ ತಂಡ. ಆ ಸಲ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಎಂದು ನಾಲ್ಕು ಶಿಬಿರಗಳು ಗೊತ್ತಾಗಿದ್ದವು. ಪ್ರತಿ ಊರಿನಲ್ಲಿ ಹತ್ತು ಹನ್ನೆರಡು ದಿನ. ಮೊದಲೆರಡು ದಿನ ಪರೀಕ್ಷೆ, ಆಮೇಲೆ ಆಪರೇಶನ್, ಉಳಿದ ದಿನ ರೋಗಿಗಳ ಪಟ್ಟಿ ಬಿಚ್ಚಿ, ಔಷಧಿ ಹಾಕಿ, ಕಪ್ಪು ಕನ್ನಡಕ ಕೊಟ್ಟು ಕಳಿಸುವುದು. ಮುದ್ದೇಬಿಹಾಳ ನನ್ನ ತವರೂರು. ಬಿಳಿ ಸೀರೆಯುಟ್ಟು ಅಲ್ಲಿಗೆ ಹೋಗುವುದು ಅದೇ ಮೊದಲಾದ್ದರಿಂದ ಒಳಗೊಳಗೇ ಹಿಗ್ಗಿದ್ದೆ. ಊರು ಮುಟ್ಟುವುದರೊಳಗೆ ಆ ಹಿಗ್ಗು ಹೇಗೆ ಇಳಿಯಿತು ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಗಾಡಿಯ ವಿಷಯ ಹೇಳಬೇಕು. ಅದು ಇಂಗ್ಲೆಂಡಿನಲ್ಲಿ ತಯಾರಾದ ಎರಡಂತಸ್ತಿನ ಕೆಂಪು ಬಸ್ಸು. ಅಲ್ಲಿಯ ಯಾವುದೋ ಊರಿನಲ್ಲಿ ಇಪ್ಪತ್ತು ವರ್ಷ ಜನರನ್ನು ಹೊತ್ತು ಹಳೆಯದಾಗಿ ಹರಾಜಿಗೆ ಬಂದಾಗ, ತಿರುಗಾಟದ ಹುಚ್ಚಿನ ಹುಡುಗ ಹುಡುಗಿಯರ ಒಂದು ಗುಂಪು ಅದನ್ನು ಕೊಂಡಿತಂತೆ. ಸೀಟು ಕಿತ್ತು, ಮಲಗಲು ಹಲಗೆ ಬಡಿದು, ಒಂದು ಮೂಲೆಯಲ್ಲಿ ಗ್ಯಾಸಿನ ಒಲೆ ಕೂರಿಸಿಕೊಂಡು, ತುರ್ಕಿ, ಇರಾನ್, ಅಫ್ಘಾನಿಸ್ತಾನ ದಾಟಿ ನಮ್ಮ ದೇಶಕ್ಕೆ ಬಂದರು. ಆ ದಿನಗಳಲ್ಲಿ ಅಂಥ ಬಸ್ಸುಗಳು ಆ ಹಾದಿ ಹಿಡಿದು ಆಗಾಗ ಬರುತ್ತಿದ್ದವು. ಇವರು ಗೋವಾ ನೋಡಿ, ವಿಜಾಪುರದ ಗೋಳಗುಮ್ಮಟ ನೋಡಿ ಉತ್ತರಕ್ಕೆ ಹೊರಟಾಗ ಸೊಲ್ಲಾಪುರದ ಹತ್ತಿರ ಎಂಜಿನ್ ಕೈಕೊಟ್ಟಿತು. ಅದೇ ಹೊತ್ತಿಗೆ ಅವರಲ್ಲೊಬ್ಬಳಿಗೆ ಕಣ್ಣಿನ ಕರಿಗುಡ್ಡೆಯ ಮೇಲೆ ಹುಣ್ಣಾಗಿ ನಮ್ಮ ಆಸ್ಪತ್ರೆ ಸೇರಿದಳು. ಕಣ್ಣು ಉಳಿಯಿತು, ಆದರೆ ಅವರ ಹತ್ತಿರ ರಿಪೇರಿಗೆ ದುಡ್ಡು ಉಳಿದಿರಲಿಲ್ಲ. ಬಸ್ಸನ್ನು ಆಸ್ಪತ್ರೆಗೆ ಬಿಟ್ಟು ರೈಲು ಹತ್ತಿದರು. ಕಸ್ಟಮ್ಸ್ ಕಾಗದಪತ್ರ ಮುಗಿಯುವ ತನಕ ಅದು ನಮ್ಮ ಕಾಂಪೌಂಡಿನ ಬೇವಿನ ಗಿಡದ ಕೆಳಗೆ ನಿಂತಿತ್ತು. ಕಾಗೆಗಳು ಅದರ ಮೇಲಿನ ಕಿಟಕಿಯಲ್ಲಿ ಗೂಡು ಕಟ್ಟಿದ್ದವು.

ಡ್ರೈವರ್ ಬಾಬು ಮಿಸ್ತ್ರಿ ಲಾರಿಗಳ ಹಳೆಯ ಸಾಮಾನು ಹಾಕಿ ಆ ಎಂಜಿನ್ನಿಗೆ ಜೀವ ಕೊಟ್ಟ. ಅವನಿಗೆ ಮುಂದೆ ಬೇರೆಯೇ ಒಂದು ಗೂಡು. ಒಳಗಿನವರು ಅವನಿಗೆ ಏನಾದರೂ ಹೇಳಬೇಕಾದರೆ ಚಾವಣಿಗೆ ಕಟ್ಟಿದ ಹಗ್ಗ ಎಳೆದು ಗಂಟೆ ಬಾರಿಸಬೇಕು. ಒಂದು ಬಾರಿಸಿದರೆ ನಿಲ್ಲು, ಎರಡಕ್ಕೆ ಹೊರಡು. ಹಿಂಬದಿಯಲ್ಲಿ ಬಾಗಿಲಿಲ್ಲದ ತೆರೆದ ಕಟ್ಟೆ, ಅಲ್ಲಿಂದಲೇ ಮೇಲಕ್ಕೆ ಸುತ್ತಿಕೊಂಡು ಹೋಗುವ ಮೆಟ್ಟಿಲು. ಗಾಡಿಯ ಎತ್ತರ ಹದಿನಾಲ್ಕೂವರೆ ಅಡಿ. ವಿದ್ಯುತ್ ತಂತಿ, ಆಲದ ಟೊಂಗೆ ಬಂದಲ್ಲೆಲ್ಲ ಕಾಂಪೌಂಡರು ಇಳಿದು ಕವಲು ಬಿದಿರಿನಿಂದ ಎತ್ತಿ ಹಿಡಿಯಬೇಕಿತ್ತು. ಆ ಹುಡುಗರು ಬಿಟ್ಟುಹೋದ ಗ್ಯಾಸಿನ ಒಲೆಯ ಮೇಲೆ ನಾನು ದಿನಾ ಬೆಳಗ್ಗೆ ಮೊದಲು ಚಹಾ, ಆಮೇಲೆ ಸಿರಿಂಜು ಕುದಿಸುತ್ತಿದ್ದೆ. ಮೇಲಂತಸ್ತಿನ ಚಾವಣಿ ಕಂದುಬಣ್ಣಕ್ಕೆ ತಿರುಗಿತ್ತು. ಅಲ್ಲಿಯ ಜನ ಸಿಗರೇಟು ಸೇದಲು ಮೇಲೆಯೇ ಕೂರುತ್ತಿದ್ದರಂತೆ. ಎರಡು ಸಲ ಸುಣ್ಣದಂಥ ಬಿಳಿ ಬಣ್ಣ ಬಳಿದರೂ ಆ ಕಲೆ ಮತ್ತೆ ಮೂಡುತ್ತಿತ್ತು.

ನಮ್ಮ ಡಾಕ್ಟರ್ ಸುಬ್ಬರಾವ್ ತುಮಕೂರಿನ ಕಡೆಯವರು. ಒಳ್ಳೆಯ ಕೈ, ಮಾತು ಕಡಿಮೆ, ಊಟದ ಲಕ್ಷ್ಯವಿಲ್ಲ. ಮೇಲಂತಸ್ತನ್ನು ಪರೀಕ್ಷೆಯ ಕೋಣೆ ಮಾಡಿದವರು ಅವರೇ. ಕಿಟಕಿಗಳಿಗೆ ಕಪ್ಪು ಬಣ್ಣ ಬಳಿಸಿ, ಹಿಂದುಗಡೆ ಸ್ಲಿಟ್ ಲ್ಯಾಂಪ್ ಇಡಿಸಿದ್ದರು. ಕಣ್ಣಿನೊಳಗೆ ಸಣ್ಣ ಸೀಳಿನಂಥ ಬೆಳಕು ಬಿಟ್ಟು ದೊಡ್ಡದು ಮಾಡಿ ನೋಡುವ ಯಂತ್ರ ಅದು. ರಸ್ತೆಯ ಕುಲುಕಾಟಕ್ಕೆ ಅಲ್ಲಾಡಬಾರದೆಂದು ಅದರ ಕಾಲನ್ನು ನೆಲಕ್ಕೆ ವೆಲ್ಡಿಂಗ್ ಮಾಡಿಸಿದ್ದರು. ಕೆಳಗೆ ಹೆಸರು ಬರೆಸುವ ಮೇಜು, ಬಿ.ಪಿ. ನೋಡುವ ಜಾಗ, ಸರದಿಯವರು ಕೂರಲು ಎರಡು ಉದ್ದ ಬೆಂಚು.

"ಮೇಲೆ ಧೂಳಿಲ್ಲ, ಗಲಾಟೆ ಇಲ್ಲ, ಕಿಟಕೀಲಿ ಇಣುಕೋರಿಲ್ಲ. ಹೆಂಗಸರಿಗಂತೂ ಇದಕ್ಕಿಂತ ಅನುಕೂಲ ಇನ್ನೇನು ಬೇಕು?" ಎಂದು ಅವರು ಹೇಳಿದಾಗ ನಾವೆಲ್ಲ ತಲೆಯಾಡಿಸಿದ್ದೆವು.

ಇಂಡಿಯಲ್ಲಿ ಬಸ್ಸು ನೋಡಲು ಊರೇ ಬಂತು. "ಏ, ಮಾಳಗಿ ಮನಿಗೆ ಗಾಲಿ ಹಚ್ಚ್ಯಾರಲೇ" ಎಂದು ಒಬ್ಬ. ಬಸ್ಸಿನ ಹಣೆಯ ಮೇಲೆ ಊರಿನ ಹೆಸರು ತೋರಿಸುವ ಬಟ್ಟೆಯ ಸುರುಳಿ ಇತ್ತು. ಅದು ತಿರುಗದೆ ಇಂಗ್ಲಿಷಿನ 'ಪ್ರೈವೇಟ್' ಎಂಬಲ್ಲಿಯೇ ಸಿಕ್ಕಿಕೊಂಡಿತ್ತು. ಅದನ್ನು ಓದಬಲ್ಲವನೊಬ್ಬ, "ಖಾಸಗಿ ಗಾಡಿ ಐತಂತ. ನಮ್ಮ ಕಣ್ಣು ಸರಕಾರಿ ಅದಾವು, ನಡೀರಿ" ಎಂದು ನಗಿಸಿದ. ಹಿಂದಿನ ವರ್ಷ ಗಂಡಸರನ್ನು ಒತ್ತಾಯದಿಂದ ಒಯ್ದು ಸಂತಾನ ನಿಲ್ಲಿಸುವ ಶಸ್ತ್ರಚಿಕಿತ್ಸೆ ಮಾಡಿಸಿದ ಗಾಡಿಗಳ ನೆನಪು ಜನರಿಗೆ ಇನ್ನೂ ಹಸಿಯಾಗಿತ್ತು. "ಇದು ಖರೇನ ಕಣ್ಣಿಂದೋ, ಹೋದ ವರ್ಷದ್ದೋ?" ಎಂದು ಒಬ್ಬ ಮುದುಕ ನನ್ನನ್ನೇ ಕೇಳಿದ. ನಾನು ಮೋರೆ ತಿರುಗಿಸಿ, "ಕಣ್ಣಿಂದರೀ ಅಜ್ಜಾರ" ಎಂದೆ.

ಮಧ್ಯಾಹ್ನದ ಹೊತ್ತಿಗೆ ಗಂಡಸರ ಅಂಜಿಕೆ ಬಿಟ್ಟಿತು. ಕೆಳಗಿನ ಬೆಂಚುಗಳು ತುಂಬಿದವು. ಹೆಂಗಸರು ಮಾತ್ರ ಗಿಡದ ನೆರಳಿನಲ್ಲಿ ಗುಂಪಾಗಿ ಕುಳಿತರು. ಬಸ್ಸಿನ ಕಟ್ಟೆಯ ತನಕ ಬರುವರು, ಮೆಟ್ಟಿಲು ನೋಡುವರು, ಒಳಗೆ ಬೆಂಚಿನತ್ತ ನೋಡುವರು, ಸೆರಗು ಎಳೆದುಕೊಂಡು ಹಿಂದಿರುಗುವರು. ಕೇಳಿದರೆ, "ನಮಗೇನಾಗೇತ್ರಿ, ಕಾಣಸ್ತೈತಿ" ಎನ್ನುವರು. ಹೀಗೆ ಹೇಳಿದ ಒಬ್ಬಾಕೆ ಹೋಗುವಾಗ ದನದ ಗೂಟಕ್ಕೆ ಎಡವಿದಳು. ಮೇಲೆ ಹತ್ತಿದ ಹೆಂಗಸರು ಬೆರಳಲ್ಲಿ ಎಣಿಸುವಷ್ಟು. ಅವರೂ ಒಬ್ಬರೇ ಇದ್ದವರು, ಇಲ್ಲವೇ ಬಹಳ ಮುದುಕಿಯರು. ಸಿಂದಗಿಯಲ್ಲೂ ಇದೇ ಆಯಿತು.

"ಈ ಕಡೆ ಹೆಂಗಸರಿಗೆ ಕಣ್ಣಿನ ಕಾಳಜೀನೇ ಇಲ್ಲ ಸಿಸ್ಟರ್. ಇಲ್ಲಾ, ಹೋದ ವರ್ಷದ ಭಯ ಇನ್ನೂ ಇದೆ" ಎಂದರು ಡಾಕ್ಟರು. ಎರಡನೆಯದು ನನಗೂ ನಿಜವೆನ್ನಿಸಿತು. ನಾನು ಆ ಮೆಟ್ಟಿಲನ್ನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತಿದ್ದೆನೋ. ಹತ್ತುವಾಗ ಕೆಳಗೆ ಯಾರು ಕುಳಿತಿದ್ದಾರೆ ಎಂದು ನೋಡಿದವಳೇ ಅಲ್ಲ.

ಬಾಗೇವಾಡಿಯ ಪರೀಕ್ಷೆಯ ಎರಡನೆಯ ದಿನ, ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದವನು ಸಿದ್ದಪ್ಪಜ್ಜ. ಮುದ್ದೇಬಿಹಾಳದ ಹಾದಿಯ ಮೇಲಿನ ಒಂದು ಹಳ್ಳಿಯವನು, ಕುರಿ ಕಾಯುತ್ತಿದ್ದವನು, ಹೆಗಲ ಮೇಲೆ ಕರಿ ಕಂಬಳಿ. ಕೋಲಿನಿಂದ ಮೆಟ್ಟಿಲು ಮುಟ್ಟಿ ನೋಡಿಕೊಂಡು ಮೇಲೆ ಬಂದ. ಡಾಕ್ಟರು ಬಹಳ ಹೊತ್ತು ನೋಡಿ, ಅವನ ಹೆಗಲ ಮೇಲೆ ಕೈಯಿಟ್ಟರು. ಅವನದು ಪೊರೆಯಲ್ಲ, ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಏರಿ ನರ ಸತ್ತುಹೋಗುವ ರೋಗ. ಸತ್ತ ನರಕ್ಕೆ ಆಪರೇಶನ್ ಇಲ್ಲ.

"ತಾತಾ, ಮೊದಲೇ ಬರಬೇಕಿತ್ತು. ಈಗ ಏನೂ ಮಾಡಕ್ಕಾಗಲ್ಲ" ಎಂದರು.

"ಹೌದೇನ್ರಿ" ಎಂದ ಅಜ್ಜ. ಇಷ್ಟೇ. ಇಳಿದು ಹೋಗಿ, ಮೆಟ್ಟಿಲಿನ ಬುಡದ ಬೆಂಚಿನ ಮೇಲೆ ಕುಳಿತ. ಹೊತ್ತು ಏರಿದರೂ ಎದ್ದು ಹೋಗಲಿಲ್ಲ. ಅವನಿಗೆ ತಿಳಿಯಲಿಲ್ಲವೇನೋ ಎಂದು ನಾನು, "ಅಜ್ಜಾರ, ನಿಮ್ಮದು ಮುಗೀತ್ರಿ. ಮನಿಗೆ ಹೋಗ್ರಿ" ಎಂದೆ.

"ಇರ್ಲಿ ಬಾಯಾರ. ಕುಂತೇನಿ."

ಅದೇ ಹೊತ್ತಿನಿಂದ ಹೊರಗೆ ಒಬ್ಬ ಹೆಂಗಸು ನಿಂತಿದ್ದಳು. ನಲವತ್ತೈದರ ಆಸುಪಾಸು, ಎರಡೂ ಕಣ್ಣಿನ ಪಾಪೆ ಹಾಲಿನಂತೆ ಬೆಳ್ಳಗೆ. ದೂರದಿಂದ ನೋಡಿದರೇ ಗೊತ್ತಾಗುವಂಥ ಬಲಿತ ಪೊರೆ. ಹೆಸರು ನೀಲವ್ವ ಎಂದು ಚೀಟಿಯಲ್ಲಿ ಬರೆಸಿದ್ದಳು. ಸರದಿ ಕರೆದಾಗ ಕಟ್ಟೆ ಹತ್ತಿದಳು, ಮೊದಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು, ತೆಗೆದಳು, ಇಳಿದು ಹೋದಳು. ಇನ್ನೆರಡು ಸಲ ಹಾಗೆಯೇ ಮಾಡಿದಳು. ಹೊತ್ತು ಇಳಿಯುವಾಗ, ಮೂರನೆಯ ಸಲಕ್ಕೆ, ನಾನು ಕೈ ಹಿಡಿದು ಬಸ್ಸಿನ ಆಚೆ ಬದಿಗೆ ಕರೆದೊಯ್ದೆ.

"ಯಾಕವ್ವಾ, ಏನು ಅಂಜಿಕಿ? ಮ್ಯಾಲೆ ಬರೇ ನೋಡತಾರ. ಸೂಜಿ ಇಲ್ಲ, ಚಾಕು ಇಲ್ಲ."

ಅವಳು ಬೆಂಚಿದ್ದ ಕಡೆ ಮೋರೆ ತಿರುಗಿಸಿದಳು. ಆಮೇಲೆ ನನಗೂ ಅರ್ಧ ಕೇಳುವಂತೆ, "ಕೆಳಗ ಮಾವಾರು ಕುಂತಾರ್ರಿ, ಕೆಮ್ಮು ಕೇಳಸ್ತೈತಿ" ಎಂದಳು.

"ಯಾರು, ಸಿದ್ದಪ್ಪಜ್ಜಾರ?"

"ಹೂಂನ್ರಿ. ಅವರ ತಲಿ ಮ್ಯಾಲೆ ಹ್ಯಾಂಗ ಕಾಲಿಡಲ್ರಿ? ಅವರ ಮುಂದ ನಾ ಹೊರಸಿನ ಮ್ಯಾಲೂ ಕುಂತಾಕಿ ಅಲ್ಲ."

ಮುದ್ದೇಬಿಹಾಳದ ನಮ್ಮ ಮನೆಯಲ್ಲಿ ದೊಡ್ಡಪ್ಪ ಪಡಸಾಲೆಯಲ್ಲಿ ಕುಳಿತಿದ್ದರೆ ಅವ್ವ ಅಟ್ಟದ ಮೇಲಿನ ಜೋಳದ ಚೀಲ ತೆಗೆಯಲು ಹತ್ತುತ್ತಿರಲಿಲ್ಲ. ಅವರು ಎದ್ದು ಹೊರಗೆ ಹೋಗುವ ತನಕ ಹಿಟ್ಟಿಲ್ಲದೆ ಕಾಯುತ್ತಿದ್ದಳು. ಮಾವನ, ಭಾವನ, ಸ್ವಾಮಿಗಳ ತಲೆಯ ಮೇಲೆ ಹೆಂಗಸಿನ ಕಾಲು ಆಡಬಾರದು. ಇದನ್ನು ನನಗೆ ಯಾರೂ ಕಲಿಸಿರಲಿಲ್ಲ, ನೋಡುತ್ತಲೇ ಬೆಳೆದಿದ್ದೆ. ಇಂಡಿಯ ಗಿಡದ ಕೆಳಗಿನ ಹೆಂಗಸರು, ಸಿಂದಗಿಯ ಹೆಂಗಸರು, ಅವರೆಲ್ಲ ಬೆಂಚಿನತ್ತ ನೋಡಿ ಹಿಂದಿರುಗಿದ್ದು ಯಾಕೆಂದು ಆಗ ಒಮ್ಮೆಲೇ ತಿಳಿಯಿತು. ಕೆಳಗೆ ಕುಳಿತವರು ಅವರವರ ಮಾವಂದಿರು, ಭಾವಂದಿರು, ಊರ ಹಿರಿಯರು.

ಅಲ್ಲಿ ಶಿಬಿರಕ್ಕೆ ಸಹಾಯಕ್ಕೆ ನಿಂತ ಒಬ್ಬ ಮಾಸ್ತರರಿದ್ದರು. ಉತ್ಸಾಹಿ ಮನುಷ್ಯ, ಕೈಯಲ್ಲಿ ಸದಾ ಮೈಕು. ಅವರ ಹತ್ತಿರ ಹೋಗಿ, "ಸರ್, ಬೆಂಚಿನ ಮೇಲಿನ ಹಿರಿಯರನ್ನ ಸಾವಕಾಶ ಹೊರಗ ಕರೀರಿ. ಸೊಸಿಯಂದಿರಿಗೆ ಮ್ಯಾಲೆ ಹತ್ತಾಕ ಸಂಕೋಚ ಆಗೇತಿ. ಆ ಸಿದ್ದಪ್ಪಜ್ಜಾರ ಸೊಸಿ ನೀಲವ್ವ ಮುಂಜಾನಿಂದ ನಿಂತಾಳ" ಎಂದು ಪಿಸುಗುಟ್ಟಿದೆ. ಅವರು, "ಅಷ್ಟೇನ? ಈಗ ಮಾಡತೇನಿ ಬಿಡ್ರಿ" ಎಂದರು. ನಾನು ಕಟ್ಟೆ ಹತ್ತುವುದರೊಳಗೆ ಗಿಡಕ್ಕೆ ಕಟ್ಟಿದ ಧ್ವನಿವರ್ಧಕದಿಂದ ಅವರ ದನಿ ಇಡೀ ಪೇಟೆಗೆ ಕೇಳಿತು:

"ಸಿದ್ದಪ್ಪನವರು ದಯಮಾಡಿ ಬಸ್ಸಿನಿಂದ ಕೆಳಗಿಳಿಯಬೇಕು. ತಾವು ಕೂತಿರುವುದರಿಂದ ತಮ್ಮ ಸೊಸೆ ನೀಲವ್ವ ಮೇಲೆ ಹತ್ತಲು ನಾಚುತ್ತಿದ್ದಾಳೆ."

ಎಲ್ಲ ಕಡೆ ನಗು ಎದ್ದಿತು. "ಮಾವನ್ನ ಎಬ್ಬಿಸಿ ಮಾಳಗಿ ಏರಾಕಿ ಯಾರಬೇ ಅಕಿ, ನೋಡೂಣು" ಎಂದು ಒಬ್ಬ ಹುರುಪಿನಿಂದ ಕೇಳಿದ. ಹೆಂಗಸರೂ ನಕ್ಕರು. ತಮ್ಮ ಹೆಸರು ಬರಲಿಲ್ಲವೆಂಬ ನಿರಾಳ ಆ ನಗುವಿನಲ್ಲಿತ್ತು. ನೀಲವ್ವ ಸೆರಗನ್ನು ಎದೆಯ ತನಕ ಎಳೆದುಕೊಂಡು, ಪಕ್ಕದಲ್ಲಿ ನಿಂತ ಒಬ್ಬಾಕೆಯ ಹೆಗಲು ಹಿಡಿದು ಹೊರಟೇಬಿಟ್ಟಳು. ಅಜ್ಜ ಗಡಬಡಿಸಿ ಎದ್ದವನು ಮೆಟ್ಟಿಲಿನ ತಳಕ್ಕೆ ತಲೆ ಬಡಿಸಿಕೊಂಡ. ಕೋಲು ಊರುತ್ತ ಇನ್ನೊಂದು ದಿಕ್ಕಿಗೆ ಹೋದ. ಮಾಸ್ತರರು ಮೈಕು ಕೆಳಗಿಟ್ಟು, "ನಾ ಛಲೋ ಮಾತಿನ್ಯಾಗ ಹೇಳಿದ್ನೆಲ್ರಿ" ಎಂದರು. ಪಾಪ, ಅವರು ಹೇಳಿದ್ದು ಗೌರವದ ಮಾತೇ. ಅವರನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ.

ಸಂಜೆ ಡಾಕ್ಟರಿಗೆ ಎಲ್ಲ ಬಿಡಿಸಿ ಹೇಳಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಇಂಡೀಲೂ ಹೀಗೇನಾ?"

"ಹೌದು ಸರ್."

"ಸಿಂದಗೀಲೂ?"

"ಹೌದು ಸರ್."

"ನೀವು ಈ ಕಡೆಯವರಲ್ವಾ?" ಎಂದರು. ಸಿಟ್ಟಿನಿಂದ ಕೇಳಿದ್ದಲ್ಲ, ಅದಕ್ಕೇ ಹೆಚ್ಚು ಚುಚ್ಚಿತು. ಕೂಡಲೇ ಅವರೇ, "ನಾನಾದರೂ ಒಂದು ಮಾತು ಕೇಳಬಹುದಿತ್ತು. ಕಾಳಜಿ ಇಲ್ಲ ಅಂದುಬಿಟ್ಟೆ" ಎಂದರು. ಮರುದಿನವೇ ಬೆಂಚುಗಳನ್ನು ಹೊರಗೆ ಪೆಂಡಾಲಿಗೆ ಹಾಕಿಸಿದೆವು. ಸ್ಲಿಟ್ ಲ್ಯಾಂಪನ್ನು ಕೆಳಗೆ ತರಲು ನೆಲವನ್ನೇ ಕೊಯ್ಯಬೇಕು, ಅದು ಸೊಲ್ಲಾಪುರದ ವರ್ಕ್‌ಶಾಪಿನ ಕೆಲಸ ಎಂದ ಬಾಬು. ನೀಲವ್ವನ ಹಳ್ಳಿಗೆ ಹೋಗಬೇಕೆಂದು ನಾನು ದಿನಾ ಅಂದುಕೊಂಡೆ. ಆಪರೇಶನ್ನಾದವರನ್ನು ಬಿಟ್ಟು ಹೋಗುವಂತಿರಲಿಲ್ಲ ಎಂಬುದು ನಿಜ. ಹೋದರೆ ಯಾವ ಮೋರೆಯಿಂದ ಮಾತಾಡಲಿ ಎಂಬುದೂ ಅಷ್ಟೇ ನಿಜ.

ಬಾಗೇವಾಡಿಯ ಕೆಲಸ ಮುಗಿಸಿ ಮುದ್ದೇಬಿಹಾಳಕ್ಕೆ ಹೊರಟ ದಿನ, ಅರ್ಧ ಹಾದಿಯಲ್ಲಿ ರೇಡಿಯೇಟರ್ ಕುದಿಯಿತು. ಬಾಬು ಗಾಡಿ ನಿಲ್ಲಿಸಿ ಇಳಿದ. "ಕೆಂಪು ಆನಿ ಐತ್ರಿ ಇದು ಸಿಸ್ಟರ. ಸೊಂಡಿ ಇಲ್ಲ, ನೀರಡಿಕಿ ಮಾತ್ರ ಆನೀದ" ಎಂದು ಕೊಡ ಹಿಡಿದುಕೊಂಡ. ಯಾವ ಊರೆಂದು ದಾರಿಯವರನ್ನು ಕೇಳಿದರೆ, ಸಿದ್ದಪ್ಪಜ್ಜನ ಹಳ್ಳಿ. ಮನೆ ಕೇಳಿಕೊಂಡು ನಾನೂ ಬಾಬುವಿನ ಜೊತೆ ನಡೆದೆ.

ರಸ್ತೆಗೆ ಹತ್ತಿರದ ಮನೆ. ಅಂಗಳದ ಒಂದು ತುದಿಗೆ ಅಜ್ಜ ಕುಳಿತು ಉಣ್ಣೆ ಎಳೆಯುತ್ತಿದ್ದ. ಇನ್ನೊಂದು ತುದಿಗೆ ನೀಲವ್ವ ಕೈಯಿಂದ ತಡವರಿಸುತ್ತ ಎಮ್ಮೆಗೆ ಮೇವು ಹಾಕುತ್ತಿದ್ದಳು. ಅಜ್ಜ ಕೆಮ್ಮಿದ. ಅವಳು ಸೆರಗು ಸರಿ ಮಾಡಿಕೊಂಡಳು. ನೋಡುವ ಕಣ್ಣು ಅಲ್ಲಿ ನಮ್ಮಿಬ್ಬರವೇ.

ನೆರೆಮನೆಯ ಮುದುಕಿಯೊಬ್ಬಳು ಬಂದು ಸುದ್ದಿ ಹೇಳಿದಳು. ನೀಲವ್ವನ ಗಂಡ ತೀರಿಕೊಂಡು ಎಂಟು ವರ್ಷ. ಮಕ್ಕಳಿಲ್ಲ. ಮಾವ ಸೊಸೆ ಒಂದೇ ಮನೆಯಲ್ಲಿದ್ದರೂ ಇಬ್ಬರೂ ಒಬ್ಬರಿಗೊಬ್ಬರು ನೇರವಾಗಿ ಮಾತಾಡಿದವರಲ್ಲ. ಹೇಳುವುದೇನಿದ್ದರೂ ಎಮ್ಮೆಯ ಮುಂದೆ.

"ನೀಲವ್ವಾ, ಮುದ್ದೇಬಿಹಾಳಕ್ಕ ಬಾರವ್ವಾ. ಅಲ್ಲಿ ಬೆಂಚು ಹೊರಗ ಇಡತೇವಿ. ನಿನ್ನ ಕೆಳಗ ಯಾರೂ ಕುಂದರೂದಿಲ್ಲ" ಎಂದೆ.

"ಬ್ಯಾಡ್ರಿ ಬಾಯಾರ. ಇಡೀ ಪ್ಯಾಟಿ ನಕ್ಕಿದ್ದು ಸಾಕು. ಇದ್ದಷ್ಟು ದಿನ ಹಿಂಗ ತಡವಾಡಿಕೋತ ಇರತೇನಿ."

ಅಜ್ಜ ಉಣ್ಣೆ ಕೆಳಗಿಟ್ಟು ಎಮ್ಮೆಯ ಕಡೆ ಮೋರೆ ತಿರುಗಿಸಿದ. "ಏ ಎಮ್ಮಿ, ಕೇಳಿಲ್ಲಿ. ನನ್ನ ಕಣ್ಣು ಮುಗದಾವು ಅಂತ ಡಾಕ್ಟರು ಮುಂಜಾನೇನ ಹೇಳಿದ್ರು. ಆದ್ರೂ ಸಂಜಿತನಾ ಯಾಕ ಕುಂತೆ ಗೊತ್ತೈತೇನು? ನಮ್ಮ ಮನ್ಯಾಕಿ ಒಬ್ಬಾಕೀನ ಬಂದಾಳ, ಅಂಜಬಾರದು, ಮನೀ ಗಂಡಸು ಹತ್ರ ಅದಾನ ಅಂತ ಅಕಿಗೆ ಧೈರ್ಯ ಇರಲಿ ಅಂತ ಕುಂತೆ. ನಾ ಕುಂತದ್ದಕ್ಕ ಅಕಿ ಹತ್ತಲಿಲ್ಲಂತ ನನಗೇನು ಗೊತ್ತು."

ನೀಲವ್ವನ ಕೈಯಲ್ಲಿದ್ದ ಮೇವು ಹಾಗೇ ಉಳಿಯಿತು. ಮಾವನಿಗೂ ಆಪರೇಶನ್ ಆಗುತ್ತದೆ, ಸರದಿಗೆ ಕುಳಿತಿದ್ದಾರೆ, ಎದ್ದ ಕೂಡಲೇ ತಾನು ಹತ್ತೋಣ ಎಂದು ಅವಳು ಕಾದಿದ್ದಳು. ಅವಳು ಹತ್ತಲಿ ಎಂದು ಅವನು ಕಾದಿದ್ದ. ಮುಂಜಾನೆಯಿಂದ ಸಂಜೆಯ ತನಕ ಅವರಿಬ್ಬರ ನಡುವೆ ಓಡಾಡಿದವಳು ನಾನು.

"ಮಾವಾರ ಕಣ್ಣು ಬರೂದಿಲ್ಲೇನ್ರಿ?" ಎಂದು ಅವಳು ನನ್ನನ್ನು ಕೇಳಿದಳು. ನಾನು ಇಲ್ಲವೆಂದೆ.

ಅವಳು ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟು, "ಹಂಗಾದ್ರ ಒಂದು ಜೋಡಿ ಕಣ್ಣಾದ್ರೂ ಮನ್ಯಾಗ ಇರಬೇಕಲ್ಲ" ಎಂದಳು. ಯಾರಿಗೆ ಹೇಳಿದಳೋ.

ಆದರೆ ಹೋಗುವುದು ಹೇಗೆ? ಅವಳನ್ನು ಒಬ್ಬಳನ್ನೇ ಕಳಿಸಲು ಅಜ್ಜನಿಗೆ ಮನಸ್ಸಿಲ್ಲ. ಒಂದೇ ಗಾಡಿಯಲ್ಲಿ ಮಾವನ ಸರಿಸಮ ಕೂರಲು ಅವಳಿಗಾಗದು. ಅಜ್ಜ ಕಂಬಳಿ ಕೊಡವಿ ಹೆಗಲಿಗೇರಿಸಿಕೊಂಡ. "ಆ ಗಾಡ್ಯಾಗ ಎಲ್ಲಾಕ್ಕಿಂತ ಮ್ಯಾಲಿನ ಜಾಗಾ ಯಾವುದೈತಿ, ಅಲ್ಲಿ ನನ್ನ ಒಯ್ದು ಕೂಡಸ್ರಿ ಬಾಯಾರ. ನಾನ ಮ್ಯಾಲಿದ್ರ ಉಳದವ್ರು ಎಲ್ಲಿ ಕುಂತ್ರೂ ನನ್ನ ಕೆಳಗ ಆತಲ್ಲ."

ಅವನು ಆ ಸುತ್ತು ಮೆಟ್ಟಿಲನ್ನು ಕೈ ಕಾಲೆರಡೂ ಊರಿಕೊಂಡು ಹತ್ತಿದ. ಮೇಲಂತಸ್ತಿನ ಮುಂಗಡೆ ಆ ಹುಡುಗರು ಕೀಳದೆ ಬಿಟ್ಟ ಒಂದು ಹಳೆಯ ಸೀಟಿತ್ತು. ಬಾಬು ಅದರ ಕೆಳಗೆ ಔಷಧಿಯ ಎರಡು ಪೆಟ್ಟಿಗೆ ಇಟ್ಟು ಇನ್ನಷ್ಟು ಎತ್ತರಿಸಿದ. ಅಜ್ಜನ ರುಮಾಲು ಚಾವಣಿಗೆ ತಾಗಿತು. ಅವನು ನಮಗೆ ಬೆನ್ನು ಕೊಟ್ಟು, ಮುಂದಿನ ಗಾಜಿಗೆ ಮೋರೆ ಮಾಡಿ, ಗಟ್ಟಿಯಾಗಿ ಕೆಮ್ಮಿದ.

ಕೆಳಗಿನ ಕಟ್ಟೆಯ ಮೇಲೆ ನಿಂತಿದ್ದ ನೀಲವ್ವ ಆ ಕೆಮ್ಮು ಕೇಳಿ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು. ನಾನು ಹಿಂದೆ ನಿಂತೆ, ಅವಳು ಮತ್ತೆ ಇಳಿದಾಳು ಎಂಬ ಅಂಜಿಕೆಯಿಂದ. ಇಳಿಯಲಿಲ್ಲ.

ಡಾಕ್ಟರು ಮುದ್ದೇಬಿಹಾಳದ ತನಕ ಕಾಯಲಿಲ್ಲ. ನಿಂತ ಗಾಡಿಯಲ್ಲೇ ಬ್ಯಾಟರಿಯಿಂದ ದೀಪ ಹಚ್ಚಿಸಿ ಅವಳನ್ನು ಸ್ಲಿಟ್ ಲ್ಯಾಂಪಿಗೆ ಕೂರಿಸಿದರು. ಮಾವನಿಗಿಂತ ಆ ಸ್ಟೂಲು ಎಷ್ಟು ತಗ್ಗಿದೆ ಎಂದು ಕೈಯಿಂದ ಮುಟ್ಟಿ ನೋಡಿದ ಮೇಲೆಯೇ ಅವಳು ಕುಳಿತದ್ದು. ಎರಡೂ ಕಣ್ಣಿನಲ್ಲಿ ಬಲಿತ ಪೊರೆ, ಬೆಳಕು ಬಿಟ್ಟ ಕಡೆ 'ಹಾಂ' ಎನ್ನುತ್ತಾಳೆ, ನರ ಗಟ್ಟಿಯಾಗಿದೆ. "ಕಾಣುತ್ತಮ್ಮ, ಚೆನ್ನಾಗಿ ಕಾಣುತ್ತೆ" ಎಂದರು. ಕೇಸ್ ಶೀಟ್ ಬರೆಯಲು ಹೆಸರು ಕೇಳಿದರು, ವಯಸ್ಸು ಕೇಳಿದರು.

"ಗಂಡನ ಹೆಸರು?"

ನೀಲವ್ವ ಸುಮ್ಮನಾದಳು. ಗಂಡನ ಹೆಸರು ಹೇಳುವ ರೂಢಿ ನಮ್ಮ ಹೆಂಗಸರಿಗಿಲ್ಲ ಎಂದು ನಾನು ಡಾಕ್ಟರಿಗೆ ಹೇಳುವುದರೊಳಗೆ, ಮುಂದಿನ ಗಾಜಿನ ಕಡೆಯಿಂದ ದನಿ ಬಂತು. "ಮಲ್ಲಪ್ಪ ಅಂತ ಬರಕೊಳ್ರಿ. ನನ್ನ ಮಗ." ತುಸು ತಡೆದು, "ಭಾಳ ದಿನಾ ಆಗಿತ್ತು, ಆ ಹೆಸರು ತಗೊಂಡು" ಎಂದ. ಡಾಕ್ಟರು ಬರೆದುಕೊಂಡರು. ನಾನು ಹಗ್ಗ ಎಳೆದು ಎರಡು ಗಂಟೆ ಬಾರಿಸಿದೆ. ಗಾಡಿ ಹೊರಟಿತು.

ಮುದ್ದೇಬಿಹಾಳದಲ್ಲಿ ಒಂದು ಶಾಲೆಯ ಕೋಣೆಯಲ್ಲಿ ಅವಳ ಬಲಗಣ್ಣಿನ ಆಪರೇಶನ್ ಆಯಿತು. ಆಗಿನ ಪದ್ಧತಿಯಲ್ಲಿ ಪೊರೆಯನ್ನು ಇಡಿಯಾಗಿ ತೆಗೆದು, ಒಂದು ವಾರ ಅಲ್ಲಾಡದೆ ಮಲಗಿಸಿ, ಆಮೇಲೆ ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ ಕೊಡುತ್ತಿದ್ದರು. ಅಜ್ಜ ಅಷ್ಟೂ ದಿನ ಶಾಲೆಯ ಬೇಲಿಯ ಹತ್ತಿರ ಕಂಬಳಿ ಹಾಸಿಕೊಂಡಿದ್ದ. ನಮ್ಮ ಅವ್ವ ಇಬ್ಬರಿಗೂ ರೊಟ್ಟಿ ಪಲ್ಯ ಕಳಿಸುತ್ತಿದ್ದಳು. ವಿಷಯ ತಿಳಿದ ಅವ್ವ ನನ್ನನ್ನು ಬಯ್ಯಲಿಲ್ಲ. "ನಿನಗ ನೆನಪಾಗಲಿಲ್ಲೇನ ತಂಗಿ?" ಎಂದಳು ಅಷ್ಟೇ.

ಕನ್ನಡಕ ಹಾಕಿದ ದಿನ ನೀಲವ್ವ ಕಿಟಕಿಯ ಆಚೆ ಬಹಳ ಹೊತ್ತು ನೋಡಿದಳು. ಬೇಲಿಯ ಹತ್ತಿರ ಕುಳಿತವನನ್ನು ಗುರುತು ಹಿಡಿಯಲು ಅವಳಿಗೆ ತುಸು ವೇಳೆ ಬೇಕಾಯಿತು. "ಇಷ್ಟು ಸೊರಗ್ಯಾರೇನ್ರಿ ಮಾವಾರು" ಎಂದಳು. "ನಾ ಹಾಕಿದ್ದು ತಾಟಿನ್ಯಾಗ ಬೀಳತಿತ್ತೋ ಇಲ್ಲೋ, ಅವರೂ ಹೇಳಲಿಲ್ಲ, ನನಗೂ ಕಾಣಲಿಲ್ಲ." ಎಂಟು ದಿನ ಅಳಬಾರದೆಂದು ನಾನೇ ಅವಳಿಗೆ ತಾಕೀತು ಮಾಡಿದ್ದೆ. ಅದನ್ನು ನೆನಪಿಸದೆ ಹೊರಗೆ ನಡೆದೆ.

ಸೊಲ್ಲಾಪುರಕ್ಕೆ ಮರಳಿದ ಮೇಲೆ ಡಾಕ್ಟರು ಮೊದಲು ಮಾಡಿಸಿದ ಕೆಲಸವೆಂದರೆ ಮೇಲಂತಸ್ತಿನ ನೆಲ ಕೊಯ್ಯಿಸಿದ್ದು. ಸ್ಲಿಟ್ ಲ್ಯಾಂಪು ಕೆಳಗೆ ಬಂತು, ಕಪ್ಪು ಬಣ್ಣ ಕೆಳಗಿನ ಕಿಟಕಿಗಳಿಗೆ ಬಂತು, ಮೇಲೆ ಔಷಧಿಯ ಪೆಟ್ಟಿಗೆಗಳು ಹೋದವು. ಒಂದು ವಾರದ ಕೆಲಸ. ಮುಂದಿನ ಚಳಿಗಾಲದಲ್ಲಿ ಹೆಂಗಸರ ಸಾಲು ಗಂಡಸರ ಸಾಲಿಗಿಂತ ಉದ್ದವಾಯಿತು. ಆ ಸಾಲು ನೋಡಿ ನಮಗೆ ಸಂತೋಷವಾಗಬೇಕಿತ್ತು. ಡಾಕ್ಟರು ಅದನ್ನು ನೋಡುತ್ತ, "ಇವರೆಲ್ಲ ಹೋದ ವರ್ಷಾನೂ ಇದ್ದರು, ಅಲ್ವಾ ಸಿಸ್ಟರ್?" ಎಂದರು.

ಆಮೇಲೆ ಬೇರೆ ಬೇರೆ ಆಸ್ಪತ್ರೆಗಳಲ್ಲಿ ಬಹಳ ವರ್ಷ ದುಡಿದೆ, ಈಗಲೂ ದುಡಿಯುತ್ತಿದ್ದೇನೆ. ಯಾವ ಹೊಸ ವಾರ್ಡು, ಹೊಸ ಕೋಣೆ ಆದರೂ ಮಂಚ ಎಲ್ಲಿಡಬೇಕೆಂದು ಅಲ್ಲಿ ಮಲಗುವವರನ್ನು ಮೊದಲು ಕೇಳುತ್ತೇನೆ. ರೋಗಿ ಬರಲಿಲ್ಲವೆಂದರೆ ಅವರಿಗೆ ಕಾಳಜಿಯಿಲ್ಲ ಎಂದು ಯಾರಾದರೂ ಹೇಳಿದಾಗ, ಅವರು ಬಾಗಿಲ ತನಕ ಬಂದಿದ್ದರೇ ಎಂದು ಕೇಳುತ್ತೇನೆ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು. ಕಲಿತದ್ದು ಯಾರ ಖರ್ಚಿನಲ್ಲಿ ಎಂಬುದು ಆ ಎರಡನೆಯ ಚಳಿಗಾಲದಲ್ಲಿ ಇಂಡಿಯಲ್ಲಿ ಗೊತ್ತಾಯಿತು.

ಅಲ್ಲಿ ಸಾಲಿನಲ್ಲಿ ಬಂದ ಒಬ್ಬಾಕೆಯ ಕಣ್ಣಿಗೆ ನಾನೇ ಔಷಧಿ ಹಾಕಿದೆ. ಪೊರೆ ಅತಿಯಾಗಿ ಬಲಿತು, ಒಳಗೆ ಒಡೆದು, ಒತ್ತಡ ಏರಿ, ಎರಡೂ ಕಣ್ಣು ಕಲ್ಲಾಗಿದ್ದವು. ಬೇಸಿಗೆಯಲ್ಲಿ ತಲೆ ಒಡೆಯುವಂಥ ನೋವು ಬಂದು ಆರಿತಂತೆ. ಒಂದು ವರ್ಷದ ಹಿಂದಾಗಿದ್ದರೆ ಅರ್ಧ ಗಂಟೆಯ ಆಪರೇಶನ್. ಡಾಕ್ಟರು ಹೇಳಲಾರದೆ ನನ್ನ ಕಡೆ ನೋಡಿದರು. ನಾನು ಅವಳ ಪಕ್ಕ ಕುಳಿತು, "ಹೋದ ವರ್ಷ ಬಂದಿದ್ರ ಆಗತಿತ್ರಿ ಅವ್ವಾರ. ಆಗ್ಯಾಕ ಬರಲಿಲ್ಲ?" ಎಂದುಬಿಟ್ಟೆ. ಕೇಳಬಾರದಿತ್ತು.

ಅವಳು ನನ್ನ ಕೈ ಹುಡುಕಿ ಹಿಡಿದುಕೊಂಡಳು. ಸಮಾಧಾನ ಮಾಡಬೇಕಾದವಳು ನಾನಾಗಿದ್ದರೂ ಅವಳೇ ನನ್ನ ಕೈ ತಟ್ಟಿದಳು.

"ಬಂದಿದ್ನಿ ತಂಗಿ" ಎಂದಳು. "ನಿಮ್ಮ ಬಸ್ಸು ಭಾಳ ಎತ್ತರಿತ್ತು."